ಐದು ಸೆಕೆಂಡಿನ ಶಾಟ್ ಮೊದಲು, ಫೀಸು ಆಮೇಲೆ

ಪಿಯುಸಿ ಫಲಿತಾಂಶದ ಬೆನ್ನಿಗೇ ಅನಿಮೇಷನ್, ವಿಎಫ್‌ಎಕ್ಸ್ (ಸಿನಿಮಾದ ದೃಶ್ಯ ಚಮತ್ಕಾರ) ಬಗ್ಗೆ ಪತ್ರಗಳು ರಾಶಿ ಬಿದ್ದಿವೆ. ಐದಕ್ಕೆ ಇಲ್ಲಿ ಉತ್ತರ ಕೊಟ್ಟಿದ್ದೇವೆ.

ಮಗ ವಿಜ್ಞಾನದಲ್ಲಿ ಪಿಯುಸಿ ಮುಗಿಸಿದ್ದಾನೆ. ಅನಿಮೇಷನ್ನೇ ಬೇಕೆಂದು ಹಠ. ಮಂಗಳೂರಿನ ಒಂದು ಸಂಸ್ಥೆಯವರು ‘ಸರಕಾರದ ಪಾಲಿಸಿಯೇ ಇದೆ, ಕೆಲಸ ಗ್ಯಾರಂಟಿ’ ಎನ್ನುತ್ತಾರೆ. ಪೂರ್ತಿ ಫೀಸು ಒಟ್ಟಿಗೆ ಕಟ್ಟಿದರೆ ರಿಯಾಯಿತಿಯಂತೆ. ಕಟ್ಟಬಹುದಾ?
– ಓರ್ವ ತಾಯಿ, ಕಾಪು

ಈಗಲೇ ಕಟ್ಟಬೇಡಿ ಅಮ್ಮ. ಪಾಲಿಸಿ ಇರುವುದು ನಿಜ. ಕರ್ನಾಟಕ 2012ರಲ್ಲೇ ಈ ಕ್ಷೇತ್ರಕ್ಕೊಂದು ನೀತಿ ತಂದಿತ್ತು, ಈಗ 2024–29ರ ಎವಿಜಿಸಿ–ಎಕ್ಸ್‌ಆರ್ ನೀತಿ (ಅನಿಮೇಷನ್, ವಿಎಫ್‌ಎಕ್ಸ್, ಗೇಮಿಂಗ್, ಕಾಮಿಕ್ಸ್, ಎಕ್ಸ್‌ಟೆಂಡೆಡ್ ರಿಯಾಲಿಟಿಗೆ ಸೇರಿ) ಇದೆ. ಆದರೆ ಅದು ಉದ್ಯಮಕ್ಕೆ ಕೊಡುವ ಉತ್ತೇಜನ, ನಿಮ್ಮ ಮಗನಿಗೆ ಕೊಟ್ಟ ಮಾತಲ್ಲ. 2025ರ ಫೆಬ್ರವರಿಯಲ್ಲಿ ವಿಎಫ್‌ಎಕ್ಸ್ ಕಂಪನಿಗಳ ಟೆಕ್ನಿಕಲರ್ ಸಮೂಹ ಕುಸಿದಾಗ ಬೆಂಗಳೂರಿನಲ್ಲಿ ವರ್ಷಗಟ್ಟಲೆ ಅನುಭವ ಇದ್ದವರೂ ಕೆಲಸ ಕಳೆದುಕೊಂಡರು. ಹೀಗಿರುವಾಗ ಗ್ಯಾರಂಟಿ ಎಂಬ ಮಾತನ್ನು ಯಾರೇ ಆಡಿದರೂ ನಂಬುವಂತಿಲ್ಲ.

ಮೊದಲು ಮೂರು ತಿಂಗಳು ಮನೆಯಲ್ಲೇ ನೋಡಿ. ಬ್ಲೆಂಡರ್ ಎಂಬ ಅನಿಮೇಷನ್ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಐದು ಸೆಕೆಂಡಿನ ಒಂದೇ ಒಂದು ಶಾಟ್ ಮಾಡಲು ಹೇಳಿ. ಸೆಕೆಂಡಿಗೆ 24 ಫ್ರೇಮ್‌ನಂತೆ (ಫ್ರೇಮ್ ಅಂದರೆ ಒಂದು ಬಿಡಿ ಚಿತ್ರ) 120 ಫ್ರೇಮ್ ಆಯಿತು. ಮುಗಿದ ಮೇಲೆ ತಪ್ಪು ತೋರಿಸಿ, ಅದನ್ನೇ ಇನ್ನೊಮ್ಮೆ ತಿದ್ದಲು ಹೇಳಿ, ಮತ್ತೂ ಒಮ್ಮೆ ಹೇಳಿ. ನಾಲ್ಕನೇ ಸಲವೂ ಬೇಸರವಿಲ್ಲದೆ ಕೂರುತ್ತಾನಾದರೆ ಅವನ ಹಠಕ್ಕೆ ಬೆಲೆ ಕೊಡಿ. ಸ್ಟುಡಿಯೊ ಕೆಲಸವೆಂದರೆ ದಿನವೂ ಇದೇ.

ಸಂಸ್ಥೆಗೆ ಹೋದಾಗ ಲ್ಯಾಬಿನ ಎಸಿ, ಕುರ್ಚಿ ನೋಡಿ ಬರಬೇಡಿ. ಹಿಂದಿನ ಬ್ಯಾಚಿನ ಮೂವರ ಶೋರೀಲ್ (ತಮ್ಮ ಕೆಲಸದ ಮಾದರಿ ವಿಡಿಯೊ) ಕೇಳಿ. ಮೂರರಲ್ಲೂ ಅದೇ ಕಾರು, ಅದೇ ರೋಬಾಟ್ ಕಂಡರೆ ಮಕ್ಕಳು ಪಾಠದ ಫೈಲನ್ನೇ ನಕಲು ಮಾಡಿದ್ದಾರೆ ಎಂದರ್ಥ. ಪ್ರತಿ ವಿದ್ಯಾರ್ಥಿಯ ಶಾಟನ್ನು ವಾರಕ್ಕೆ ಎಷ್ಟು ಸಲ ಕೂತು ನೋಡಿ ತಿದ್ದುತ್ತೀರಿ ಎಂದು ಕೇಳಿ. ಫೀಸು ಕಂತಿನಲ್ಲಿರಲಿ, ಮಧ್ಯೆ ಬಿಟ್ಟರೆ ಎಷ್ಟು ವಾಪಸು ಎಂಬುದು ಬರಹದಲ್ಲಿರಲಿ.

ಪದವಿಯನ್ನಂತೂ ಬಿಡಿಸಬೇಡಿ, ಉನ್ನತ ವ್ಯಾಸಂಗಕ್ಕೆ ಅದು ಬೇಕಾಗುತ್ತದೆ. ಚಿತ್ರದಲ್ಲಿ ಕೈ ಒಳ್ಳೆಯದಿದ್ದರೆ ಐಐಟಿಗಳ ಬಿ.ಡಿಸ್‌ಗೆ (ವಿನ್ಯಾಸ ಪದವಿ) ಯುಸೀಡ್, ಎನ್‌ಐಡಿಗೆ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ) ಡ್ಯಾಟ್ ಬರೆಯಲಿ. ಇವು ಸಾಫ್ಟ್‌ವೇರ್ ಪರೀಕ್ಷೆಗಳಲ್ಲ, ಕಣ್ಣು ಮತ್ತು ಯೋಚನೆಯ ಪರೀಕ್ಷೆಗಳು.

ಬ್ಲೆಂಡರ್‌ನಲ್ಲಿ ಚೆಂಡು ಪುಟಿಯುವ ಅನಿಮೇಷನ್ ಮಾಡಿದೆ. ಎಷ್ಟು ತಿದ್ದಿದರೂ ಬಲೂನಿನ ಹಾಗೆ ತೇಲುತ್ತದೆ. ಯಾಕೆ?
– ವಿದ್ಯಾರ್ಥಿ, ಸುರತ್ಕಲ್

ಎರಡು ಕಡೆ ತಪ್ಪಿರುತ್ತದೆ. ಒಂದು ಗ್ರಾಫಿನಲ್ಲಿ, ಇನ್ನೊಂದು ಲೆಕ್ಕದಲ್ಲಿ.

ನೀವು ಹಾಕಿದ ಕೀಗಳಲ್ಲಿ (ಯಾವ ಫ್ರೇಮಿನಲ್ಲಿ ಚೆಂಡು ಎಲ್ಲಿರಬೇಕೆಂಬ ಗುರುತು) ಎಲ್ಲ ತಿರುವುಗಳನ್ನೂ ಬ್ಲೆಂಡರ್ ತಾನಾಗಿ ನುಣುಪು ಮಾಡುತ್ತದೆ. ಹಾಗಾಗಿ ನೆಲ ಹತ್ತಿರವಾದಾಗ ಚೆಂಡು ನಿಧಾನವಾಗುತ್ತದೆ. ನಿಜದಲ್ಲಿ ಅಲ್ಲೇ ಅದಕ್ಕೆ ಅತಿ ಹೆಚ್ಚು ವೇಗ. ಚಲನೆಯನ್ನು ಗೆರೆಯಾಗಿ ತೋರಿಸುವ ಗ್ರಾಫ್ ಎಡಿಟರ್‌ನಲ್ಲಿ ನೆಲ ಮುಟ್ಟುವ ಕೀಗಳನ್ನು ಮಾತ್ರ ಆರಿಸಿ, ‘ವಿ’ ಒತ್ತಿ ವೆಕ್ಟರ್ (ಚೂಪು ತಿರುವು) ಮಾಡಿ. ಮೇಲೆ ಗುಡ್ಡದ ಹಾಗೆ ದುಂಡಗೆ, ಕೆಳಗೆ ಚೂರಿಯ ಮೊನೆಯ ಹಾಗೆ ಚೂಪಾಗಿ ಗೆರೆ ಕಾಣಬೇಕು.

ಇನ್ನು ಲೆಕ್ಕ. ಪಿಯುಸಿಯ ಭೌತಶಾಸ್ತ್ರ ಇಲ್ಲಿ ಕೈಹಿಡಿಯುತ್ತದೆ. 24 ಫ್ರೇಮ್ ವೇಗದಲ್ಲಿ 12 ಫ್ರೇಮ್ ಅಂದರೆ ಅರ್ಧ ಸೆಕೆಂಡ್. ಅಷ್ಟರಲ್ಲಿ ಚೆಂಡು ಸುಮಾರು 122 ಸೆಂ.ಮೀ. ಬೀಳುತ್ತದೆ. 3ನೇ ಫ್ರೇಮಿಗೆ 8 ಸೆಂ.ಮೀ., 6ನೆಯದಕ್ಕೆ 31, 9ನೆಯದಕ್ಕೆ 69. ಅರ್ಧ ಸಮಯ ಕಳೆದರೂ ಕಾಲು ಭಾಗವಷ್ಟೇ ಬಿದ್ದಿರುತ್ತದೆ ಎಂಬುದನ್ನು ಗಮನಿಸಿ. ಕಾಗದದ ಮೇಲೆ ಈ ನಾಲ್ಕು ಚುಕ್ಕೆ ಇಟ್ಟು ನೋಡಿದರೆ ಬೀಳುವುದು ಅಂದರೇನೆಂದು ಕಣ್ಣಿಗೇ ತಿಳಿಯುತ್ತದೆ. ಹೆಚ್ಚಿನವರು ಎಡವುವುದು ಮುಂದಿನ ಪುಟಿತದಲ್ಲಿ. ಎತ್ತರ ತಗ್ಗಿಸುತ್ತಾರೆ, ಫ್ರೇಮು ತಗ್ಗಿಸುವುದಿಲ್ಲ. 60 ಶೇಕಡಾ ಎತ್ತರಕ್ಕೆ ಪುಟಿದರೆ ಏರಲು 9, ಇಳಿಯಲು 9 ಫ್ರೇಮ್ ಸಾಕು. ಅಲ್ಲಿಯೂ 12 ಕೊಟ್ಟಿರಾದರೆ ಬಲೂನೇ.

ಚೆಂಡು ಚಪ್ಪಟೆಯಾಗುವುದು ನೆಲ ತಾಗಿದ ಒಂದೇ ಫ್ರೇಮಿನಲ್ಲಿ. ಎತ್ತರ 0.8 ಮಾಡಿದರೆ ಉದ್ದ, ಅಗಲ ಎರಡನ್ನೂ 1.12 ಮಾಡಿ, ಇಲ್ಲವಾದರೆ ಚೆಂಡು ಕುಗ್ಗಿಹೋದಂತೆ ಕಾಣುತ್ತದೆ.

ಯಕ್ಷಗಾನದ ಧಿಗಿಣವನ್ನು (ತಿರುಗುತ್ತ ಹಾರುವ ಕುಣಿತ) ಮೊಬೈಲಿನಲ್ಲಿ ಶೂಟ್ ಮಾಡಿ ವೇಷಧಾರಿಯನ್ನು ರೋಟೊ ಮಾಡಿದೆ (ಅಂಚಿನ ಸುತ್ತ ಗೆರೆ ಎಳೆದು ಹಿನ್ನೆಲೆಯಿಂದ ಬೇರ್ಪಡಿಸಿದೆ). ನಿಲ್ಲಿಸಿ ನೋಡಿದರೆ ಸರಿ, ಓಡಿಸಿದರೆ ಅಂಚೆಲ್ಲ ಕುಣಿಯುತ್ತದೆ. ಹಾಗೆಯೇ, ಎಐ ಬಂದ ಮೇಲೆ ರೋಟೊ ಕಲಿಯುವುದು ದಂಡವೇ?
– ಬಿ.ಎ. ವಿದ್ಯಾರ್ಥಿನಿ, ಉಡುಪಿ

ಅಭ್ಯಾಸಕ್ಕೆ ಇದಕ್ಕಿಂತ ಕಷ್ಟದ, ಇದಕ್ಕಿಂತ ಒಳ್ಳೆಯ ಶಾಟ್ ನಮ್ಮ ಊರಲ್ಲಿ ಸಿಗಲಿಕ್ಕಿಲ್ಲ. ಕಿರೀಟ ಗಟ್ಟಿ, ಮೈ ತಿರುಗುತ್ತದೆ, ಬಟ್ಟೆ ಹಾರುತ್ತದೆ. ಮೂರಕ್ಕೂ ಮೂರು ಬೇರೆ ರೀತಿ.

ಬಹುಶಃ ಇಡೀ ವೇಷಕ್ಕೆ ಒಂದೇ ಆಕಾರ ಎಳೆದು, ಪ್ರತಿ ಫ್ರೇಮಿನಲ್ಲೂ ಬಿಂದುಗಳನ್ನು ಸರಿಸಿದ್ದೀರಿ. ಅಂಚು ಕುಣಿಯುವುದು ಅದರಿಂದಲೇ. ಕೈಯಲ್ಲಿ ಇಟ್ಟ ಬಿಂದು ಪ್ರತಿ ಸಲ ಕೂದಲೆಳೆಯಷ್ಟು ಆಚೀಚೆ ಆಗುತ್ತದೆ. ಒಂದೊಂದು ಫ್ರೇಮಿನಲ್ಲಿ ಕಾಣದ ಆ ತಪ್ಪು ಸಾಲಾಗಿ ಓಡಿದಾಗ ನಡುಕವಾಗುತ್ತದೆ.

ಹೊಸದಾಗಿ ಶುರುಮಾಡಿ. ಮೊದಲು ಮೊಬೈಲ್ ವಿಡಿಯೊವನ್ನು ಸಾಲು ಚಿತ್ರಗಳಾಗಿ ಪರಿವರ್ತಿಸಿ. ಮೊಬೈಲ್ ವಿಡಿಯೊದ ಫ್ರೇಮ್ ವೇಗ ನಡುವೆ ಏರಿಳಿಯುವುದುಂಟು, ಆಗ ಮಾಸ್ಕ್ (ನೀವು ಎಳೆದ ಆಕಾರ) ಜಾರುತ್ತದೆ. ಆಮೇಲೆ ಕಿರೀಟ, ಮುಖ, ಎದೆ, ತೋಳು, ಮುಂಗೈ, ಅಂಗೈ, ಸೊಂಟದ ಬಟ್ಟೆ ಹೀಗೆ ಭಾಗಕ್ಕೊಂದು ಆಕಾರ ಮಾಡಿ. ಕೀಲುಗಳಲ್ಲಿ ಒಂದರ ಮೇಲೊಂದು ಸ್ವಲ್ಪ ಹತ್ತಿಕೊಂಡಿರಲಿ. ಬಿಂದುಗಳು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಮೊಣಕೈಗೆ ಇಟ್ಟ ಬಿಂದು ಕೊನೆಯವರೆಗೂ ಮೊಣಕೈಯಲ್ಲೇ ಇರಬೇಕು.

ಕೀ ಹಾಕುವುದು ಚಲನೆ ದಿಕ್ಕು ಬದಲಿಸುವ ಫ್ರೇಮುಗಳಲ್ಲಿ ಮಾತ್ರ. ಅವುಗಳ ನಡುವೆ ನೋಡಿ, ತಪ್ಪಿದ್ದರೆ ಸರಿಯಾಗಿ ಮಧ್ಯಕ್ಕೊಂದು, ಆಮೇಲೂ ತಪ್ಪಿದ್ದರೆ ಅದರ ಅರ್ಧಕ್ಕೊಂದು. ಮೊದಲು ಇಡೀ ಆಕಾರವನ್ನು ಸರಿಸಿ, ತಿರುಗಿಸಿ. ಅದರಿಂದ ಆಗದಿದ್ದರೆ ಮಾತ್ರ ಬಿಂದುವಿಗೆ ಕೈಹಾಕಿ. ಅಂಗೈ ಮಸುಕಾದ ಕಡೆ ಗೆರೆ ಮಸುಕಿನ ನಡುವೆ ಹೋಗಲಿ. ಅಂಚನ್ನು ಕೈಯಿಂದ ಮೆದು ಮಾಡದೆ ಸಾಫ್ಟ್‌ವೇರಿನ ಮೋಷನ್ ಬ್ಲರ್ ಹಾಕಿ.

ಕೊನೆಗೆ ವೇಷದ ಹಿಂದೆ ಗಾಢ ಹಸಿರು, ಆಮೇಲೆ ಗಾಢ ಕೆಂಪು ಇಟ್ಟು ಪೂರ್ಣ ವೇಗದಲ್ಲಿ ಓಡಿಸಿ. ಕಪ್ಪು ಹಿನ್ನೆಲೆಯಲ್ಲಿ ಅಡಗಿದ ತಪ್ಪುಗಳೆಲ್ಲ ಆಗ ಹೊರಬೀಳುತ್ತವೆ. ಮುಂದಿನ ಸಲ ಶೂಟ್ ಮಾಡುವಾಗ 25 ಫ್ರೇಮ್, ಶಟರ್ 1/50 ಇಡಿ. ನಮ್ಮ ವಿದ್ಯುತ್ 50 ಹರ್ಟ್ಸ್‌ನದ್ದು, ಹಾಗೆ ಇಟ್ಟರೆ ರಂಗಸ್ಥಳದ ಟ್ಯೂಬ್‌ಲೈಟ್ ಮಿನುಗುವುದಿಲ್ಲ.

ಎಐ ಬಗ್ಗೆ: ಸುಲಭದ ರೋಟೊವನ್ನು ಯಂತ್ರ ಈಗಲೇ ಮಾಡುತ್ತಿದೆ, ಅದೊಂದನ್ನೇ ನಂಬಿ ಕೂರಬೇಡಿ. ಆದರೆ ಯಂತ್ರ ತೆಗೆದ ಮಾಸ್ಕ್ ಎಲ್ಲಿ ಹರಿದಿದೆ ಎಂದು ಹೇಳಲು ನೀವು ಈಗ ಬೆಳೆಸಿಕೊಳ್ಳುತ್ತಿರುವ ಕಣ್ಣೇ ಬೇಕು. ರೋಟೊ ಕಲಿತು, ಬೇರೆ ಬೇರೆ ಚಿತ್ರಗಳನ್ನು ಒಂದೇ ಶಾಟಾಗಿ ಕೂಡಿಸುವ ಕಂಪೋಸಿಟಿಂಗಿಗೆ ದಾಟಿ. ಆ ಕೆಲಸದ ಸಾಫ್ಟ್‌ವೇರ್ ನ್ಯೂಕ್‌ನ ನಾನ್‌-ಕಮರ್ಷಿಯಲ್ ಆವೃತ್ತಿ ಕಲಿಯಲು ಉಚಿತವಾಗಿ ಸಿಗುತ್ತದೆ.

ನಮ್ಮದು ಸರಕಾರಿ ಪ್ರೌಢಶಾಲೆ. ಹಳೆಯ ಕಂಪ್ಯೂಟರುಗಳು, 4 ಜಿಬಿ ರ್‍ಯಾಮ್. ಆಸಕ್ತ ಮಕ್ಕಳಿಗೆ ಅನಿಮೇಷನ್ ಹೇಗೆ ಹೇಳಿಕೊಡಲಿ?
– ಚಿತ್ರಕಲಾ ಶಿಕ್ಷಕರು, ಕುಂದಾಪುರ

ಮಾಸ್ಟ್ರೇ, ತ್ರೀಡಿ ಆಸೆ ಸದ್ಯ ಬಿಡಿ. ನಿಮ್ಮ ಮೊಬೈಲ್ ಒಂದು, ಜೇಡಿಮಣ್ಣು ಒಂದು ಮುದ್ದೆ ಇದ್ದರೆ ಸ್ಟಾಪ್ ಮೋಷನ್ (ಗೊಂಬೆಯನ್ನು ಸ್ವಲ್ಪಸ್ವಲ್ಪ ಸರಿಸಿ ತೆಗೆದ ಫೋಟೊಗಳನ್ನು ಸಾಲಾಗಿ ಓಡಿಸುವುದು) ಆಗುತ್ತದೆ. ಸೆಕೆಂಡಿಗೆ 12 ಫೋಟೊ ಸಾಕು, ಹತ್ತು ಸೆಕೆಂಡಿಗೆ 120. ಮೊಬೈಲನ್ನು ಮೇಜಿಗೆ ಅಂಟಿಸಿದಂತೆ ಕಟ್ಟಿ. ಪರದೆಯನ್ನು ಒತ್ತಿಹಿಡಿದು ಫೋಕಸ್, ಎಕ್ಸ್‌ಪೋಷರ್ ಲಾಕ್ ಮಾಡಿ. ಕಿಟಕಿ ಮುಚ್ಚಿಬಿಡಿ. ಮಳೆಗಾಲದಲ್ಲಿ ಮೋಡ ಸರಿದ ಹಾಗೆಲ್ಲ ಬೆಳಕು ಬದಲಾಗಿ ಚಿತ್ರ ಮಿಣಮಿಣ ಎನ್ನುತ್ತದೆ. ಬಿಳಿ ಅಂಗಿಯ ಮಕ್ಕಳು ಹತ್ತಿರ ಬಂದು ಹೋದರೂ ಬೆಳಕು ಏರುಪೇರಾಗುತ್ತದೆ, ಪ್ರತಿ ಫೋಟೊಗೂ ಎಲ್ಲರೂ ಒಂದೇ ಕಡೆ ನಿಲ್ಲಲಿ.

ಬಳಿಕ ಹುಲಿವೇಷದ ಹೆಜ್ಜೆಯನ್ನು ಬಿಡಿಸಲು ಕೊಡಿ. ಮಕ್ಕಳಿಗೆ ತಾಸೆ ವಾದ್ಯದ ಪೆಟ್ಟು ಬಾಯಿಪಾಠ ಇರುತ್ತದೆ, ಯಾವ ಪೆಟ್ಟಿಗೆ ಕಾಲು ನೆಲಕ್ಕೆ ಬೀಳುತ್ತದೆಂದು ಅವರೇ ಹೇಳುತ್ತಾರೆ. ಆ ಫ್ರೇಮುಗಳನ್ನು ಮೊದಲು ಬಿಡಿಸಿ, ನಡುವಿನದ್ದನ್ನು ಆಮೇಲೆ ತುಂಬಲಿ. ಕಂಪ್ಯೂಟರಿನಲ್ಲೇ ಬಿಡಿಸಬೇಕೆಂದರೆ ಪೆನ್ಸಿಲ್‌ಟುಡಿ ಎಂಬ ಉಚಿತ ಸಾಫ್ಟ್‌ವೇರ್ ಹಗುರವಾಗಿದೆ.

ರಾತ್ರಿ ರೆಂಡರಿಗೆ (ಫ್ರೇಮುಗಳನ್ನು ಅಂತಿಮ ಚಿತ್ರವಾಗಿಸಲು) ಇಟ್ಟರೆ ಕರೆಂಟು ಹೋಗಿ ಎಲ್ಲ ಹಾಳಾಗುತ್ತದೆ. ಯುಪಿಎಸ್‌ಗೆ ದುಡ್ಡಿಲ್ಲ.
– ವಿದ್ಯಾರ್ಥಿ, ಮೂಲ್ಕಿ

ನೇರ ವಿಡಿಯೊ ಫೈಲಾಗಿ ರೆಂಡರ್ ಮಾಡುತ್ತಿದ್ದೀರಿ, ತೊಂದರೆ ಅಲ್ಲೇ. ಫ್ರೇಮಿಗೆ 2 ನಿಮಿಷದಂತೆ 120 ಫ್ರೇಮಿಗೆ 4 ಗಂಟೆ. ಮೂರನೇ ಗಂಟೆಗೆ ಕರೆಂಟು ಹೋದರೆ ಎಂಪಿ4 ಫೈಲು ತೆರೆಯುವುದೇ ಇಲ್ಲ. ಪಿಎನ್‌ಜಿ ಸಾಲಾಗಿ (ಫ್ರೇಮಿಗೊಂದು ಚಿತ್ರದ ಫೈಲು) ರೆಂಡರ್ ಮಾಡಿದರೆ ಆಗಿರುವ 90 ಫ್ರೇಮ್ ಹಾಗೇ ಉಳಿಯುತ್ತವೆ. ಬ್ಲೆಂಡರಿನ ಔಟ್‌ಪುಟ್ ವಿಭಾಗದಲ್ಲಿ ಓವರ್‌ರೈಟ್ ಗುರುತು ತೆಗೆಯಿರಿ. ಕರೆಂಟು ಬಂದ ಮೇಲೆ ಮತ್ತೆ ರೆಂಡರ್ ಒತ್ತಿದರೆ ಮುಗಿದ ಫ್ರೇಮುಗಳನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ. ಅದಕ್ಕೂ ಮೊದಲು ಫೋಲ್ಡರಿನ ಕೊನೆಯ ಫೈಲನ್ನು ತೆರೆದು ನೋಡಿ. ಅರ್ಧಕ್ಕೆ ನಿಂತಿದ್ದರೆ ಅಥವಾ ಖಾಲಿ ಇದ್ದರೆ ಅದನ್ನು ಅಳಿಸಿ, ಇಲ್ಲವಾದರೆ ಅದೂ ಮುಗಿದಿದೆ ಎಂದುಕೊಂಡು ಬ್ಲೆಂಡರ್ ದಾಟಿಬಿಡುತ್ತದೆ.