ತಾಳಿ ವರನೇ ಕಟ್ಟಬೇಕೆ? ಹೆತ್ತ ತಾಯಿ ತೊಡಿಸಬಾರದೆ?

ಪ್ರಶ್ನೆ: ನಾವು ಹುಬ್ಬಳ್ಳಿ ಕಡೆಯವರು. ಮಗಳ ಮದುವೆ ಕೊಡವ ಹುಡುಗನ ಜೊತೆ ನಿಶ್ಚಯವಾಗಿದೆ. ನಮ್ಮದು ಕರಿಮಣಿಯಲ್ಲಿ ಪೋಣಿಸಿದ ಎರಡು ಬಟ್ಟಲಿನ ತಾಳಿ, ವರನೇ ಕಟ್ಟುವುದು ಪದ್ಧತಿ. ಬೀಗರು ‘ನಮ್ಮಲ್ಲಿ ಪತ್ತಾಕ್ ಇರುತ್ತದೆ, ಅದನ್ನು ಹುಡುಗಿಯ ತಾಯಿ ತೊಡಿಸಬೇಕು’ ಎನ್ನುತ್ತಾರೆ. ವರ ತಾಳಿ ಕಟ್ಟದಿದ್ದರೆ ಅದು ವೇದೋಕ್ತ ಮದುವೆಯೇ ಅಲ್ಲ ಎಂದು ನಮ್ಮ ಮನೆಯ ಹಿರಿಯರ ವಾದ. ನಿಜವೇ? ತಾಳಿ ಬಂದದ್ದಾದರೂ ಎಲ್ಲಿಂದ?
— ಒಬ್ಬ ತಾಯಿ, ಹುಬ್ಬಳ್ಳಿ

ಉತ್ತರ: ಹಿರಿಯರ ಆತಂಕ ಅರ್ಥವಾಗುತ್ತದೆ. ಆದರೆ ಅದಕ್ಕೆ ವೇದವನ್ನು ಸಾಕ್ಷಿಗೆ ಕರೆದರೆ ಸಾಕ್ಷಿ ತಿರುಗಿ ಬೀಳುತ್ತದೆ. ಋಗ್ವೇದದ ಹತ್ತನೇ ಮಂಡಲದ 85ನೇ ಸೂಕ್ತ ಸೂರ್ಯನ ಮಗಳು ಸೂರ್ಯೆಯ ಮದುವೆಯದು. ಇಂದಿಗೂ ಪುರೋಹಿತರು ಹೇಳುವ ಎಷ್ಟೋ ಮದುವೆ ಮಂತ್ರಗಳು ಅಲ್ಲಿಂದಲೇ ಬಂದವು. ವರ ವಧುವಿನ ಕೈ ಹಿಡಿಯುವ ಮಾತು ಅಲ್ಲಿದೆ, ಕೊರಳಿಗೆ ಕಟ್ಟುವ ಮಾತಿಲ್ಲ. ಮನೆಯ ಸಂಸ್ಕಾರಗಳ ವಿಧಿ ಹೇಳುವ ಮುಂದಿನ ಗೃಹ್ಯಸೂತ್ರಗಳಲ್ಲಿ ಪಾಣಿಗ್ರಹಣ, ಲಾಜಹೋಮ, ಸಪ್ತಪದಿ, ಧ್ರುವ–ಅರುಂಧತಿ ದರ್ಶನ ಎಲ್ಲವೂ ಬರುತ್ತವೆ, ತಾಳಿ ಬರುವುದಿಲ್ಲ. ಆ ಸೂತ್ರಕಾರರಲ್ಲೊಬ್ಬರಾದ ಆಪಸ್ತಂಬರ ಕ್ರಮದಲ್ಲಿ ವಧುವಿಗೆ ದರ್ಭೆಯ ಹುರಿಯೊಂದನ್ನು ಕಟ್ಟುವುದುಂಟು, ಅದೂ ಸೊಂಟಕ್ಕೆ.

ಹಾಗಾದರೆ ‘ಮಾಂಗಲ್ಯಂ ತಂತುನಾನೇನ’? ಅದು ವೇದಮಂತ್ರವಲ್ಲ, ನಂತರದ ಕಾಲದ ಅನುಷ್ಟುಪ್ ಶ್ಲೋಕ. ವಾಲಗದ ಗಟ್ಟಿಮೇಳದಲ್ಲಿ ಯಾರ ಕಿವಿಗೂ ಬೀಳದ ಅದರ ಕೊನೆಯ ಸಾಲನ್ನು ಒಮ್ಮೆ ಗಮನಿಸಿ: ‘ತ್ವಂ ಜೀವ ಶರದಃ ಶತಮ್’. ನೂರು ವರ್ಷ ಬಾಳು ಎಂದು ವರ ಹರಸುವುದು ಹೆಂಡತಿಯನ್ನು. ಗಂಡನ ಆಯುಸ್ಸಿನ ಭಾರವನ್ನೆಲ್ಲ ಆ ದಾರಕ್ಕೆ ಹೊರಿಸಿದವರು ನಾವು.

ಕಾಳಿದಾಸನ ‘ಕುಮಾರಸಂಭವ’ದ ಏಳನೇ ಸರ್ಗದಲ್ಲಿ ಪಾರ್ವತಿಯನ್ನು ಮದುವೆಗೆ ಸಿಂಗರಿಸುವ ಪ್ರಸಂಗವಿದೆ. ಅಲ್ಲೂ ಮಂಗಳಸೂತ್ರವಿಲ್ಲ. ಇರುವುದು ಉಣ್ಣೆಯ ಕಂಕಣ. ಅದನ್ನು ಕಟ್ಟುವವಳು ತಾಯಿ ಮೇನೆ. ಕಣ್ಣು ತುಂಬಿ ಬಂದು ಮಗಳ ಕೈ ಸರಿಯಾಗಿ ಕಾಣದೆ ಎಲ್ಲಿಗೋ ಕಟ್ಟಿಬಿಡುತ್ತಾಳೆ, ಪಕ್ಕದಲ್ಲಿದ್ದ ದಾದಿ ಬೆರಳಿನಿಂದ ಅದನ್ನು ಜಾಗಕ್ಕೆ ಸರಿಸುತ್ತಾಳೆ. ತಾಯಿ ಮಂಗಳದ ದಾರ ಕಟ್ಟುವುದು ಶಾಸ್ತ್ರಕ್ಕೆ ಹೊರತು ಎನ್ನುವವರಿಗೆ ಇದನ್ನು ಓದಿ ಹೇಳಬಹುದು.

ಕೊರಳಿನ ತಾಳಿಯ ಬೇರು ದಕ್ಷಿಣದ ಜನಪದ ಆಚಾರದಲ್ಲಿದೆ. ಅದು ಮೊದಲಿಗೆ ಮದುವೆಯ ಗುರುತೇ ಆಗಿರಲಿಲ್ಲ, ರಕ್ಷೆಯಾಗಿತ್ತು. ತಮಿಳಿನ ಸಂಗಂ ಕಾಲದ ‘ಪುರನಾನೂರು’ ಸಂಕಲನದ 77ನೇ ಪದ್ಯದಲ್ಲಿ ಪಾಂಡ್ಯರ ಎಳೆಯ ದೊರೆ ಯುದ್ಧಕ್ಕೆ ಬಂದು ನಿಂತಿದ್ದಾನೆ. ‘ಕೊರಳಿನ ತಾಳಿಯನ್ನೇ ಇನ್ನೂ ತೆಗೆದಿಲ್ಲವಲ್ಲ ಈ ಹುಡುಗ!’ ಎಂದು ಕವಿ ಬೆರಗಾಗುತ್ತಾನೆ. ಅಲ್ಲಿ ತಾಳಿ ಎಂದರೆ ಮಕ್ಕಳಿಗೆ ಕಟ್ಟುವ ಕಾಪು. ಇನ್ನು ‘ಅಗನಾನೂರು’ ಸಂಕಲನದ 86ನೇ ಪದ್ಯದ ಮದುವೆಯಲ್ಲಿ ಮುತ್ತೈದೆಯರು ನೀರೆರೆದು, ಹೂವು ಭತ್ತ ತೂರಿ ಹರಸುತ್ತಾರೆ, ಅಷ್ಟೇ. ಕೇರಳದ ನಾಯರ್ ಕುಟುಂಬಗಳಲ್ಲಿ ತಾಳಿಕೆಟ್ಟು ಕಲ್ಯಾಣವೇ ಬೇರೆ, ಗಂಡಹೆಂಡಿರ ಸಂಬಂಧವೇ ಬೇರೆ ಆಗಿತ್ತು. ಹೆಣ್ಣುಮಗು ದೊಡ್ಡವಳಾಗುವ ಮೊದಲು ತಾಳಿ ಕಟ್ಟಿದವನೇ ಮುಂದೆ ಗಂಡನಾಗಬೇಕೆಂದಿರಲಿಲ್ಲ. ಹೀಗೆ ಊರೂರಿನ ಆಚಾರವಾಗಿದ್ದ ದಾರ ನಿಧಾನವಾಗಿ ವೈದಿಕ ಮದುವೆಯೊಳಗೆ ಸೇರಿ, ಕೊನೆಗೆ ಮುಹೂರ್ತದ ಕೇಂದ್ರವೇ ಆಯಿತು.

ಈಗ ಪತ್ತಾಕ್. ಕೊಡವರ ಮದುವೆಯಲ್ಲಿ ಪುರೋಹಿತರಿಲ್ಲ, ಹಿರಿಯರು ಅಕ್ಕಿ ಹಾಕಿ, ಹಾಲು ಕುಡಿಸಿ ಹರಸುತ್ತಾರೆ. ಹೆಣ್ಣಿನ ಹಕ್ಕುಗಳನ್ನು ಗಂಡನ ಒಕ್ಕಕ್ಕೆ, ಅಂದರೆ ಮನೆತನಕ್ಕೆ, ಒಪ್ಪಿಸುವ ‘ಸಮ್ಮಂದ’ದ ಶಾಸ್ತ್ರವೇ ಅಲ್ಲಿ ಮುಖ್ಯ. ಪತ್ತಾಕ್ ಎಂದರೆ ಚಿನ್ನದ ನಾಣ್ಯದ ಪದಕ. ಸುತ್ತ ಕೆಂಪಿನ ಹರಳು, ಮೇಲೆ ಹೆಡೆಯೆತ್ತಿದ ನಾಗ. ಹಳೆಯ ಮನೆತನಗಳ ಪತ್ತಾಕಿನಲ್ಲಿ ವಿಕ್ಟೋರಿಯಾ ರಾಣಿಯ ಮುಖ ಕಂಡರೆ ಗಾಬರಿಯಾಗಬೇಡಿ, ಆ ಕಾಲದ ಸವರನ್ನೇ ಪದಕವಾಗಿದೆ. ಅದನ್ನು ಮಗಳ ಕೊರಳಿಗೆ ತಾಯಿ ತೊಡಿಸುತ್ತಾಳೆ. ಬೀಗರು ಹೇಳಿದ್ದು ಸರಿಯಾಗಿಯೇ ಇದೆ.

ನಿಮ್ಮ ಹಿರಿಯರಿಗೆ ಇನ್ನೊಂದು ಮಾತು ನೆನಪಿಸಿ. ಮಗ್ಗುಲಲ್ಲಿ ಮಗ್ಗುಲಿಟ್ಟು ಪೋಣಿಸಿದ ನಿಮ್ಮ ಎರಡು ಬಟ್ಟಲುಗಳಲ್ಲಿ ಒಂದು ಅತ್ತೆಮನೆಯದು, ಒಂದು ತವರಿನದು. ನಿಮ್ಮ ಕೊರಳಲ್ಲೂ ಅರ್ಧ ತಾಳಿ ನಿಮ್ಮ ತಾಯಿ ಕೊಟ್ಟದ್ದೇ! ಪತ್ತಾಕನ್ನು ನೀವು ತೊಡಿಸಿ, ಬಟ್ಟಲು ತಾಳಿಯನ್ನು ಅಳಿಯ ಕಟ್ಟಲಿ. ಎರಡೂ ಕಡೆಯ ಹಿರಿಯರಿಗೆ ಸಮಾಧಾನವಾಗುತ್ತದೆ. ಕಾನೂನಿನ ಚಿಂತೆಯೂ ಬೇಡ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಂ ಪ್ರಕಾರ ಎರಡರಲ್ಲಿ ಯಾವ ಕಡೆಯ ರೂಢಿಯಂತೆ ಮದುವೆಯಾದರೂ ನಡೆಯುತ್ತದೆ. ಅದು ಸಪ್ತಪದಿಯ ಹೆಸರೆತ್ತುತ್ತದೆ, ಅದೂ ಆ ಪದ್ಧತಿ ಇರುವವರಿಗೆ ಮಾತ್ರ. ತಾಳಿಯ ಮಾತೇ ಅಲ್ಲಿಲ್ಲ. ಮದುವೆಯ ನೋಂದಣಿ ಮಾತ್ರ ಮರೆಯದೆ ಮಾಡಿಸಿ.

ಪ್ರಶ್ನೆ: ಕರಿಮಣಿ ರಕ್ತದೊತ್ತಡ ನಿಯಂತ್ರಿಸುತ್ತದೆ, ಅದಕ್ಕೇ ಋಷಿಗಳು ಕಡ್ಡಾಯ ಮಾಡಿದರು ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ಹೌದೆ?
— ಮೈಸೂರಿನ ಓದುಗರು

ಉತ್ತರ: ಇಲ್ಲ. ರಕ್ತದೊತ್ತಡಕ್ಕೆ ವೈದ್ಯರು ಕೊಟ್ಟ ಮಾತ್ರೆ ನುಂಗಿ.

ಋಷಿಗಳ ಕಡ್ಡಾಯವೇ ಆಗಿದ್ದರೆ ತಮಿಳು ಬ್ರಾಹ್ಮಣರ ತಾಳಿಯಲ್ಲೂ ಕರಿಮಣಿ ಇರಬೇಕಿತ್ತು. ಅವರದು ಅರಿಶಿನದ ದಾರ, ಇಲ್ಲವೇ ಚಿನ್ನದ ಸರ. ಕರಿಮಣಿ ನಮ್ಮ ಸೀಮೆಯ ವಸ್ತು. ಕರ್ನಾಟಕ, ಮಹಾರಾಷ್ಟ್ರ, ತೆಲುಗರ ‘ನಲ್ಲಪೂಸಲು’, ಹೀಗೆ ದಖ್ಖನ್‌ ಉದ್ದಕ್ಕೂ ಅದೇ. ಜಾತಿಧರ್ಮದ ಗಡಿಯೂ ಅದಕ್ಕಿಲ್ಲ. ಮಂಗಳೂರಿನ ಕ್ಯಾಥೊಲಿಕರ ‘ಪಿರ್ದುಕ್’ ಕರಿಮಣಿಯದೇ, ದಖ್ಖನಿ ಮುಸ್ಲಿಮರ ‘ಕಾಲೀ ಪೋತ್ ಕಾ ಲಚ್ಛಾ’ ಕೂಡ ಕರಿಮಣಿಯದೇ. ಮಗುವಿನ ಕೆನ್ನೆಗೆ ಕಾಡಿಗೆ ಬೊಟ್ಟು ಇಡುವುದರ ಹಿಂದಿರುವ ನಂಬಿಕೆಯೇ ಇದರ ಹಿಂದೆಯೂ ಇದೆ: ಕಪ್ಪು ಬಣ್ಣ ದೃಷ್ಟಿ ತಡೆಯುತ್ತದೆ. ನಂಬಿಕೆಯನ್ನು ನಂಬಿಕೆ ಎಂದೇ ಹೇಳಿದರೆ ಅದರ ಮರ್ಯಾದೆಗೇನೂ ಕುಂದಿಲ್ಲ.

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿ ನರ್ಸ್. ಡ್ಯೂಟಿಗೆ ಹೋಗುವಾಗ ಮಾಂಗಲ್ಯ ತೆಗೆದಿಡುತ್ತೇನೆ. ಊರಿನಲ್ಲಿ ಅತ್ತೆಗೆ ಬೇಸರ. ಇದು ಅಪಚಾರವೇ?
— ಹೆಸರು ಬೇಡ

ಉತ್ತರ: ಅಪಚಾರವೇನಿಲ್ಲ. ರೋಗಿಯ ಮೇಲೆ ಬಾಗಿದಾಗ ಜೋತಾಡುವ ಸರ ನಿಮಗೂ ಅವರಿಗೂ ತೊಂದರೆ, ಎಂಆರ್‌ಐ ಕೋಣೆಗಂತೂ ಆಭರಣ ಒಯ್ಯುವಂತೆಯೇ ಇಲ್ಲ. ಅರಿಶಿನದ ದಾರ ನಮ್ಮಲ್ಲಿ ಸವೆದಂತೆಲ್ಲ ಬದಲಾಯಿಸುತ್ತಲೇ ಬಂದದ್ದು. ಸರ ಹರಿದಾಗ ಅಕ್ಕಸಾಲಿಗನ ಬಳಿ ಕೊಟ್ಟು ಅರಿಶಿನದ ಕೊಂಬು ಕಟ್ಟಿಕೊಂಡು ಓಡಾಡಿದ ಅಜ್ಜಿಯರು ಎಲ್ಲರ ಮನೆಯಲ್ಲೂ ಇದ್ದರು. ಅತ್ತೆಯವರಿಗೆ ಆ ಕಾಲ ನೆನಪಿರಬಹುದು, ಮುಂದಿನ ಸಲ ಫೋನಿನಲ್ಲಿ ಕೇಳಿ ನೋಡಿ.