ಆ ಕೊನೆಯ ಒದೆತ ಬರೀ ಅದೃಷ್ಟವೇ?

ಪ್ರಿಯ ಓದುಗರೇ,

1950ರ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಕುರಿತು ನಾವು ಪ್ರಕಟಿಸಿದ್ದ ಲೇಖನ ಓದಿ, "ಆಟ ಮುಗಿಯಲು 28 ಸೆಕೆಂಡು ಇರುವಾಗ ಒಂದು ಒದೆತದಿಂದ ದಕ್ಕಿದ ಪ್ರಶಸ್ತಿ ಅದೃಷ್ಟದ್ದಲ್ಲದೆ ಇನ್ನೇನು?" ಎಂದು ಕೇಳಿದ್ದೀರಿ. ನಿಮ್ಮ ಈ ಮಾತನ್ನು ನಾನು ಖಂಡಿತ ಒಪ್ಪಲಾರೆ.

ಎರಡನೇ ಮಹಾಯುದ್ಧ ಮುಗಿದ ಮರುವರ್ಷ, ಎನ್‌ಎಫ್‌ಎಲ್ ಎಂಬ ಹಳೆಯ ಫುಟ್‌ಬಾಲ್ ಲೀಗಿಗೆ ಪ್ರತಿಸ್ಪರ್ಧಿಯಾಗಿ ಶುರುವಾದ ಲೀಗಿನಲ್ಲಿ ಬ್ರೌನ್ಸ್ ನಾಲ್ಕಕ್ಕೆ ನಾಲ್ಕೂ ವರ್ಷ ಚಾಂಪಿಯನ್. ಆದರೂ ಹಳೆಯ ಎನ್‌ಎಫ್‌ಎಲ್‌ನವರಿಗೆ ಅವರೆಂದರೆ ತಾತ್ಸಾರ. ಆ ಲೀಗ್ ಮುಚ್ಚಿ ಬ್ರೌನ್ಸ್ ಎನ್‌ಎಫ್‌ಎಲ್‌ಗೆ ಬಂದಾಗ, ಸೆಪ್ಟೆಂಬರ್ 16ರ ಮೊದಲ ಪಂದ್ಯವೇ ಸತತ ಎರಡು ವರ್ಷ ಪ್ರಶಸ್ತಿ ಗೆದ್ದಿದ್ದ ಫಿಲಡೆಲ್ಫಿಯಾ ಈಗಲ್ಸ್ ಎದುರು. 71,237 ಮಂದಿಯ ಮುಂದೆ ಬ್ರೌನ್ಸ್ 35-10ರಿಂದ ಗೆದ್ದರು. ಈಗಲ್ಸ್‌ನ ಓಟಗಾರ ವ್ಯಾನ್ ಬ್ಯೂರನ್ ಗಾಯಾಳುವಾಗಿದ್ದರು, ನಿಜ. ಒಬ್ಬ ಆಟಗಾರನಿಂದ 25 ಅಂಕಗಳ ಅಂತರ ತುಂಬುತ್ತಿತ್ತೇ? ಬ್ರೌನ್ಸ್‌ನವರು ಚೆಂಡು ಎಸೆಯುವುದೊಂದನ್ನೇ ಬಲ್ಲರು ಎಂದು ಈಗಲ್ಸ್ ಕೋಚ್ ಮೂದಲಿಸಿದ್ದರು. ಡಿಸೆಂಬರ್‌ನಲ್ಲಿ ಅದೇ ತಂಡವನ್ನು ಬ್ರೌನ್ಸ್ 13-7ರಿಂದ ಮತ್ತೆ ಸೋಲಿಸಿದರು, ಲೆಕ್ಕಕ್ಕೆ ಒಂದೇ ಒಂದು ಪಾಸ್ ಕೂಡ ಎಸೆಯದೆ!

ಇದು ಕೋಚ್ ಪಾಲ್ ಬ್ರೌನ್ ಅವರ ಪಾಠದ ಫಲ. ಅವರು ಆಟಗಾರರನ್ನು ತರಗತಿಯಲ್ಲಿ ಕೂರಿಸಿ ನೋಟ್ಸ್ ಬರೆಸುತ್ತಿದ್ದರು, ಪರೀಕ್ಷೆಯನ್ನೂ ಇಡುತ್ತಿದ್ದರು.

ಆ ವರ್ಷ ಬ್ರೌನ್ಸ್ ತಂಡವನ್ನು ಸೋಲಿಸಿದ್ದು ನ್ಯೂಯಾರ್ಕ್ ಜೈಂಟ್ಸ್ ಮಾತ್ರ, ಅದೂ ಎರಡು ಸಲ. ಫೈನಲ್‌ಗೆ ಮುನ್ನ ಮತ್ತೆ ಅವರೇ ಎದುರಾದರು. ಹೆಪ್ಪುಗಟ್ಟಿದ ಮೈದಾನದಲ್ಲಿ ಜೈಂಟ್ಸ್‌ನ ಜೀನ್ ರಾಬರ್ಟ್ಸ್ ಚೆಂಡು ಹಿಡಿದು ಗೋಲಿನತ್ತ ನುಗ್ಗಿದಾಗ ಬಿಲ್ ವಿಲ್ಲಿಸ್ ಬೆನ್ನಟ್ಟಿ, ಗೆರೆಗೆ ಕೆಲವೇ ಗಜ ಇರುವಾಗ ಕೆಡವಿದರು. ಬ್ರೌನ್ಸ್ ಗೆದ್ದದ್ದು 8-3ರಿಂದ. ಈ ವಿಲ್ಲಿಸ್ ಮತ್ತು ಮರಿಯನ್ ಮೋಟ್ಲಿ ಇಬ್ಬರೂ ಕಪ್ಪು ವರ್ಣೀಯರು. 1946ರಲ್ಲಿ, ಬೇಸ್‌ಬಾಲ್‌ನ ಮೇಜರ್ ಲೀಗಿಗೆ ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಕಾಲಿಡುವ ಮೊದಲೇ, ಪಾಲ್ ಬ್ರೌನ್ ಇಬ್ಬರನ್ನೂ ತಂಡಕ್ಕೆ ಸೇರಿಸಿಕೊಂಡಿದ್ದರು. ಅದೇ ವರ್ಷ ಮಯಾಮಿಯ ಪಂದ್ಯಕ್ಕೆ ವರ್ಣದ ಕಾರಣದಿಂದಲೇ ಇಬ್ಬರೂ ಹೋಗಲಾಗಲಿಲ್ಲ. 1950ರಲ್ಲಿ ಮೋಟ್ಲಿ ಚೆಂಡು ಹಿಡಿದು ಒಟ್ಟು 810 ಗಜ ಓಡಿ ಇಡೀ ಎನ್‌ಎಫ್‌ಎಲ್‌ಗೆ ಮೊದಲಿಗರಾದರು. ಅಂಥವರ ದುಡಿಮೆಯನ್ನು ಅದೃಷ್ಟದ ಖಾತೆಗೆ ಬರೆಯಲು ನನಗೆ ಮನಸ್ಸಿಲ್ಲ.

ಇನ್ನು ಡಿಸೆಂಬರ್ 24ರ ಫೈನಲ್. ಎದುರಾಳಿ ಲಾಸ್ ಏಂಜಲೀಸ್ ರ‍್ಯಾಮ್ಸ್, 1945ರವರೆಗೆ ಕ್ಲೀವ್‌ಲ್ಯಾಂಡ್‌ನದೇ ಆಗಿದ್ದು ಊರು ಬಿಟ್ಟುಹೋದ ತಂಡ. ಕೊನೆಯ ನಿಮಿಷಗಳಲ್ಲಿ ಬ್ರೌನ್ಸ್ 27-28ರ ಹಿನ್ನಡೆಯಲ್ಲಿದ್ದಾಗ, ದಾಳಿಯನ್ನು ಮುನ್ನಡೆಸುವ ಕ್ವಾರ್ಟರ್‌ಬ್ಯಾಕ್ ಆಟೊ ಗ್ರಹಾಂ ಕೈಯಿಂದ ಚೆಂಡು ಜಾರಿ ರ‍್ಯಾಮ್ಸ್ ಪಾಲಾಯಿತು. ಬ್ರೌನ್ಸ್ ರಕ್ಷಣಾಪಡೆ ಅವರನ್ನು ತಡೆದು ಚೆಂಡನ್ನು ವಾಪಸು ದಕ್ಕಿಸಿಕೊಟ್ಟಿತು. ಗ್ರಹಾಂ ಒಮ್ಮೆ ತಾವೇ ಓಡಿ, ಮತ್ತೆ ಸಣ್ಣ ಸಣ್ಣ ಪಾಸ್ ಎಸೆದು ಗೋಲಿನ ಹತ್ತಿರಕ್ಕೆ ಬಂದರು. ಆಗಲೂ ಅವಸರಪಟ್ಟು ಒದೆಸಲಿಲ್ಲ. ಇನ್ನೊಂದು ಸರದಿ ತೆಗೆದುಕೊಂಡು, ಒದೆಯುವ ಆಟಗಾರ ಲೂ ಗ್ರೋಜಾಗೆ ಕೋನ ಸರಿಹೋಗಲೆಂದೇ ಚೆಂಡನ್ನು ಮೈದಾನದ ನಡುವಿಗೆ ತಂದಿಟ್ಟರು. ಮೂರು ಅಂಕ ತಂದ 16 ಗಜದ ಆ ಒದೆತದಿಂದ 30-28 ಆಯಿತು.

— ಸಂಪಾದಕ