ಗುಡಿಯನ್ನು ಉಲ್ಟಾ ಸುತ್ತಿದರೆ ಇಂಗ್ಲಿಷಿನಲ್ಲಿ ಏನಂತಾರೆ?

ಹೋದ ಸಂಚಿಕೆಯಲ್ಲಿ ‘ವಿಡರ್‌ಶಿನ್ಸ್’ ಎಂಬ ಇಂಗ್ಲಿಷ್ ಪದ ಕೊಟ್ಟು, ಅರ್ಥ ನೀವೇ ಹುಡುಕಿ ಅಂತ ಬಿಟ್ಟಿದ್ದೆ. ಹುಡುಕಿದ್ದೀರಿ. ಆದರೆ ಅಷ್ಟಕ್ಕೆ ಸುಮ್ಮನಾಗದೆ ಪ್ರಶ್ನೆಗಳನ್ನು ನನಗೇ ವಾಪಸ್ ಕಳಿಸಿದ್ದೀರಿ. ಈ ಸಲದ ಪುಟ ಪೂರ್ತಿ ಅದಕ್ಕೇ ಹೋಯಿತು.

ಬೇಲೂರಿನ ಓದುಗರೊಬ್ಬರು: ನಿಘಂಟಿನಲ್ಲಿ ‘ಆಂಟಿಕ್ಲಾಕ್‌ವೈಸ್’ ಅಂತ ಕೊಟ್ಟು ಕೈತೊಳೆದುಕೊಂಡಿದ್ದಾರೆ. ಒಂದೇ ಅರ್ಥಕ್ಕೆ ಎರಡು ಪದ ಯಾಕೆ ಬೇಕು? ನನ್ನ ಮಗಳ ಕಥೆಪುಸ್ತಕದಲ್ಲಿ ಒಬ್ಬ ಹುಡುಗಿ ಚೆಂಡು ತರಲು ಚರ್ಚನ್ನು ವಿಡರ್‌ಶಿನ್ಸ್ ಸುತ್ತಿ ಓಡಿ ಮಾಯವಾಗುತ್ತಾಳೆ. ಗಡಿಯಾರದ ಉಲ್ಟಾ ಓಡಿದರೆ ಮಾಯವಾಗೋದಾ ಅಂತ ಮಗಳು ಕೇಳುತ್ತಾಳೆ. ಏನು ಹೇಳಲಿ?

ಉತ್ತರ: ಬೇಲೂರಿನಲ್ಲಿದ್ದುಕೊಂಡು ಇದನ್ನು ನನ್ನನ್ನು ಕೇಳುತ್ತೀರಲ್ಲ! ಮಗಳನ್ನು ಚೆನ್ನಕೇಶವನ ಗುಡಿಗೆ ಕರೆದುಕೊಂಡು ಹೋಗಿ. ಮುಂಬಾಗಿಲ ಎದುರು ನಿಂತು, ಸುಮ್ನೆ ಬಲಗಡೆಗೆ ಹೊರಡಿ. ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಯಾರಾದರೂ ಒಬ್ಬರು ಅಜ್ಜಿ ತಡೆಯುತ್ತಾರೆ. ‘ಅಯ್ಯೋ, ಹಂಗಲ್ಲ ಕಣವ್ವ, ಆ ಕಡೆಯಿಂದ ಬಾ.’ ಆ ದನಿಯಲ್ಲಿ ಒಂದು ಚೂರು ಗಾಬರಿ ಇರುತ್ತದಲ್ಲ, ಅದು ‘ಆಂಟಿಕ್ಲಾಕ್‌ವೈಸ್’ ಎಂಬ ಪದದಲ್ಲಿ ಇಲ್ಲ. ವಿಡರ್‌ಶಿನ್ಸ್‌ನಲ್ಲಿ ಇದೆ. ಕನ್ನಡದಲ್ಲಿ ಅದಕ್ಕೆ ಸರಿಯಾದ ಮಾತು ಅಪ್ರದಕ್ಷಿಣೆಯಾಗಿ ಅಂತ. ಬೇರೆ ಹುಡುಕುವುದೇ ಬೇಡ.

ಆ ಬೈಗುಳ ನಾನೂ ತಿಂದಿದ್ದೇನೆ. ಆರನೇ ಕ್ಲಾಸಿನ ಪ್ರವಾಸ, ಫೆಬ್ರುವರಿಯ ಮಧ್ಯಾಹ್ನ. ಜಗತಿಯ, ಅಂದರೆ ಗುಡಿ ನಿಂತಿರುವ ಎತ್ತರದ ಕಟ್ಟೆಯ, ಕಲ್ಲು ಕಾದ ಕಾವಲಿಯಂತಿತ್ತು, ಬರಿಗಾಲು. ದಕ್ಷಿಣದ ಕಡೆ ಪೂರ್ತಿ ಬಿಸಿಲು, ಉತ್ತರದ ಕಡೆ ಗೋಡೆಯ ನೆರಳು. ಪ್ರದಕ್ಷಿಣೆ ಅಂದರೆ ಮೊದಲು ದಕ್ಷಿಣಕ್ಕೇ ಹೋಗಬೇಕು, ಯಾಕೆಂದರೆ ಗುಡಿಯ ಬಾಗಿಲು ಪೂರ್ವಕ್ಕಿದೆ, ದೇವರು ನಮ್ಮ ಬಲಗೈಗೆ ಇರಬೇಕು. ನಾವು ನಾಲ್ಕು ಜನ ಹುಡುಗರು ಕಾಲು ಎತ್ತೆತ್ತಿ ಇಡುತ್ತಾ ನೆರಳಿನ ಕಡೆಗೆ ಓಡಿದೆವು. ಹಿಂದುಗಡೆ ಮೇಷ್ಟ್ರು ಸಿಕ್ಕಿದರು, ಅವರು ಸರಿಯಾದ ದಿಕ್ಕಿನಿಂದ ಬರುತ್ತಿದ್ದರು. ಕಿವಿ ಹಿಂಡಿಸಿಕೊಂಡು ಮತ್ತೆ ಬಿಸಿಲಿನ ಕಡೆಯಿಂದ ಸುತ್ತಿದ್ದಾಯಿತು. ಯಾರೂ ಮಾಯವಾಗಲಿಲ್ಲ ಅಂತ ನಿಮ್ಮ ಮಗಳಿಗೆ ಹೇಳಿ.

ಈ ಪದದ ತವರು ಸ್ಕಾಟ್ಲೆಂಡ್. ಅಲ್ಲಿನ ಹಳ್ಳಿಗಳಲ್ಲಿ ಚರ್ಚನ್ನಾಗಲಿ ಮನೆಯನ್ನಾಗಲಿ ಪವಿತ್ರವಾದ ಬಾವಿಯನ್ನಾಗಲಿ ಸೂರ್ಯ ಹೋಗುವ ದಿಕ್ಕಿನಲ್ಲಿ ಸುತ್ತಿದರೆ ಒಳ್ಳೆಯದು, ಎದುರು ದಿಕ್ಕಿನಲ್ಲಿ ಸುತ್ತಿದರೆ ಕೇಡು ಅಂತ ನಂಬಿಕೆ ಇತ್ತು. ಮಾಟಗಾತಿಯರು ಉಲ್ಟಾ ಸುತ್ತಿ ಕುಣಿಯುತ್ತಾರೆ ಎಂದು ಹೇಳುತ್ತಿದ್ದರು. 16ನೇ ಶತಮಾನದ ಕೊನೆಗೆ ಅಲ್ಲಿ ಮಾಟಗಾತಿಯರೆಂದು ಹೆಂಗಸರನ್ನು ಹಿಡಿದು ವಿಚಾರಣೆ ಮಾಡಿದರಲ್ಲ, ಆಗ ಹೊರಿಸಿದ ಆರೋಪಗಳಲ್ಲಿ ಇದೂ ಇತ್ತು. ಹಾಗಾಗಿ ಕಥೆಯಲ್ಲಿ ಹುಡುಗಿ ಆ ದಿಕ್ಕಿಗೆ ಓಡಿದಳು ಅಂದ ಕೂಡಲೇ ಅಲ್ಲಿನ ಮಕ್ಕಳಿಗೆ ಎದೆ ಝಲ್ಲೆನ್ನುತ್ತಿತ್ತು. ಗಡಿಯಾರದ ಮಾತು ಅಲ್ಲಿ ಬರುವುದೇ ಇಲ್ಲ. ‘ಕ್ಲಾಕ್‌ವೈಸ್’ ಎಂಬ ಪದ ಇಂಗ್ಲಿಷಿಗೆ ಬಂದಿದ್ದೇ 19ನೇ ಶತಮಾನದಲ್ಲಿ.

ಹಾಸನದ ಕಾಲೇಜು ವಿದ್ಯಾರ್ಥಿನಿ: ಇದು ಕ್ರಿಯಾವಿಶೇಷಣ ಅಂತೀರಿ, ಆದರೆ ಕೊನೆಗೆ ‘ಲಿ’ ಇಲ್ಲ, ‘ಸ್’ ಇದೆ. ಬಹುವಚನದ ಹಾಗೆ ಕಾಣುತ್ತೆ. ‘ಶಿನ್’ ಅಂದರೆ ಸನ್, ಅಂದರೆ ಸೂರ್ಯ, ಅಲ್ವಾ? ಪರೀಕ್ಷೆಯ ಪ್ರಬಂಧದಲ್ಲಿ ಬಳಸಬಹುದಾ?

ಉತ್ತರ: ಒಂದೊಂದಾಗಿ ಬರೋಣ. ‘ಸ್’ ಬಹುವಚನದ್ದಲ್ಲ. ‘ಆಲ್ವೇಸ್’, ‘ನೌಅಡೇಸ್’ ಇವುಗಳ ಬಾಲದಲ್ಲೂ ಅದೇ ‘ಸ್’ ಇದೆ ನೋಡಿ. ಹಳೆಯ ಕಾಲದಲ್ಲಿ ನಾಮಪದಕ್ಕೆ ಷಷ್ಠೀ ವಿಭಕ್ತಿ ಹಚ್ಚಿ ಕ್ರಿಯಾವಿಶೇಷಣ ಮಾಡುವ ಪದ್ಧತಿ ಇತ್ತು, ಅದರ ಪಳೆಯುಳಿಕೆ. ವಿಡರ್‌ಶಿನ್ಸ್ ಬಂದಿದ್ದು ಹಳೆಯ ಜರ್ಮನ್ ಕಡೆಯಿಂದ. ‘ವಿಡರ್’ ಅಂದರೆ ಎದುರು, ‘ಸಿನ್’ ಅಂದರೆ ದಾರಿ, ದಿಕ್ಕು. ಒಟ್ಟಿಗೆ ಎದುರು ದಾರಿಯಲ್ಲಿ, ಅಷ್ಟೇ. ಸೂರ್ಯ ಇದರೊಳಗೆ ಇರಲೇ ಇಲ್ಲ. ಸ್ಕಾಟ್ಲೆಂಡಿನವರು ತಮ್ಮ ಮಾತಿನಲ್ಲಿ ಸೂರ್ಯನಿಗೆ ಇದ್ದ ಪದದ ಸದ್ದನ್ನು ಇದರಲ್ಲಿ ಕೇಳಿಸಿಕೊಂಡು, ಸೂರ್ಯನಿಗೆ ಎದುರು ಅಂತ ಅರ್ಥ ಹಚ್ಚಿಕೊಂಡರು. ನೀವೂ ಅದನ್ನೇ ಮಾಡಿದ್ದೀರಿ. ಬೇಜಾರು ಬೇಡ, ನಾವೆಲ್ಲ ಮಾಡುತ್ತೇವೆ. ವೀರಬಲ್ಲಾಳನಿಗೆ ಮುದುಕಿ ಬೆಂದ ಕಾಳು ಕೊಟ್ಟಳು, ಬೆಂದಕಾಳೂರು ಬೆಂಗಳೂರಾಯಿತು ಅಂತ ಶಾಲೆಯಲ್ಲಿ ಓದಿದೆವಲ್ಲ? ಎರಡನೇ ವೀರಬಲ್ಲಾಳ ಪಟ್ಟಕ್ಕೆ ಬಂದಿದ್ದು 1173ರಲ್ಲಿ, ಬೇಗೂರಿನ ಸುಮಾರು 890ರ ವೀರಗಲ್ಲಿನಲ್ಲಿ ಬೆಂಗಳೂರಿನ ಹೆಸರು ಆಗಲೇ ಕೆತ್ತಿದೆ. ಕಥೆ ಚೆನ್ನಾಗಿದೆ, ಕಾಳು ಬೇಯಿಸಿದ್ದು ಮಾತ್ರ ತಡವಾಯಿತು.

ಇನ್ನೊಂದು ತಮಾಷೆ. 1513ರ ಸ್ಕಾಟ್ಸ್ ಬರಹವೊಂದರಲ್ಲಿ ಈ ಪದ ಬಂದಿದೆ, ಅಲ್ಲಿ ಯಾರೂ ಏನನ್ನೂ ಸುತ್ತುತ್ತಿಲ್ಲ. ಹೆದರಿದವನ ತಲೆಗೂದಲು ವಿಡರ್‌ಶಿನ್ಸ್ ಎದ್ದು ನಿಂತಿತು ಅಂತ ಇದೆ. ಅಂದರೆ ಕೂದಲು ಬೆಳೆದ ದಿಕ್ಕಿಗೆ ಎದುರಾಗಿ ನಿಮಿರಿತು. ನಾವು ಮೈ ನವಿರೇಳುವುದು ಅಂತೀವಲ್ಲ, ಆ ಥರ.

ಬಳಕೆಗೆ ಬಂದರೆ, ‘ದೇ ವಾಕ್ಡ್ ವಿಡರ್‌ಶಿನ್ಸ್ ರೌಂಡ್ ದ ಚರ್ಚ್’ ಸರಿ. ‘ಶಿ ಸ್ಟರ್ಡ್ ದ ಪಾಟ್ ವಿಡರ್‌ಶಿನ್ಸ್’ ಕೂಡ ಸರಿ, ಆದರೆ ಅದನ್ನು ಓದಿದವರು ಪಾತ್ರೆಯಲ್ಲಿ ಸಾರು ಇದೆ ಅಂದುಕೊಳ್ಳುವುದಿಲ್ಲ, ಮದ್ದು ಅರೆಯುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ‘ಟರ್ನ್ ದ ನಾಬ್ ವಿಡರ್‌ಶಿನ್ಸ್’ ಅಂತ ಮಾತ್ರ ಬರೆಯಬೇಡಿ, ಗ್ಯಾಸ್ ಒಲೆ ಹಚ್ಚುವವರು ಹೆದರಿಯಾರು. ಪರೀಕ್ಷೆಯಲ್ಲಿ? ದೆವ್ವದ ಕಥೆ ಬರೆಯಲು ಕೊಟ್ಟರೆ ಧೈರ್ಯವಾಗಿ ಬರೆಯಿರಿ. ಟ್ರಾಫಿಕ್ ಬಗ್ಗೆ ಕೊಟ್ಟರೆ ಬೇಡ. ಸ್ಪೆಲ್ಲಿಂಗ್ ಎರಡು ಥರ ಇದೆ, ನಡುವೆ ಎರಡು ‘ಡಿ’ ಇರುವುದು ಒಂದು, ‘ಟಿಎಚ್’ ಇರುವುದು ಇನ್ನೊಂದು. ಎರಡೂ ನಡೆಯುತ್ತದೆ.

ಚಿಕ್ಕಮಗಳೂರಿನ ನಿವೃತ್ತ ಶಿಕ್ಷಕರು: ಅಪ್ರದಕ್ಷಿಣೆಗೆ ಪದ ಇದೆ ಅಂದಮೇಲೆ ಪ್ರದಕ್ಷಿಣೆಗೂ ಇರಬೇಕಲ್ಲ?

ಉತ್ತರ: ಇದೆ ಸರ್, ಅದೇ ಈ ಕಥೆಯ ರುಚಿಯಾದ ಭಾಗ. ‘ಡೀಸಿಲ್’ ಅಂತ. ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಿಂದ ಬಂದ ಪದ. ಗೇಲಿಕ್‌ನಲ್ಲಿ ‘ಜೆಸ್’ ಎಂದು ಕೇಳಿಸುವ ಒಂದು ಪದವಿದೆ, ಅದಕ್ಕೆ ಬಲಗಡೆ ಅಂತಲೂ ಅರ್ಥ, ದಕ್ಷಿಣ ದಿಕ್ಕು ಅಂತಲೂ ಅರ್ಥ. ಈಗ ನಮ್ಮ ‘ದಕ್ಷಿಣ’ ನೋಡಿ. ಬಲ ಅಂತಲೂ ಹೌದು, ತೆಂಕಣ ದಿಕ್ಕು ಅಂತಲೂ ಹೌದು. ಕಾಕತಾಳೀಯ ಅಲ್ಲ. ಸಂಸ್ಕೃತದ ದಕ್ಷಿಣ, ಲ್ಯಾಟಿನ್ನಿನ ಡೆಕ್ಸ್‌ಟರ್, ಗೇಲಿಕ್‌ನ ಈ ಪದ ಮೂರೂ ಒಂದೇ ಬೇರಿನವು. ಪೂರ್ವಕ್ಕೆ ಮುಖ ಮಾಡಿ ನಿಂತುಕೊಳ್ಳಿ, ಬಲಗೈ ದಕ್ಷಿಣಕ್ಕೆ ಬರುತ್ತದೆ. ಅವರ ಹಿರಿಯರೂ ನಮ್ಮವರ ಥರ ಸೂರ್ಯ ಹುಟ್ಟುವ ಕಡೆಗೆ ತಿರುಗಿ ದಿಕ್ಕುಗಳಿಗೆ ಹೆಸರಿಟ್ಟರು. ಸಂಸ್ಕೃತ ಬಿಟ್ಟು ನಮ್ಮ ಹಳಗನ್ನಡಕ್ಕೆ ಬಂದರೂ ಗುಡಿ ಸುತ್ತಿದರು ಅನ್ನಲು ‘ಬಲಗೊಂಡು’ ಅಂತಾರೆ. ಎಲ್ಲರಿಗೂ ಬಲಗೈಯೇ ಬೇಕು, ಎಡಗೈಯವರ ಪಾಡು ದೇವರಿಗೇ ಪ್ರೀತಿ. (ನಾನು ಎಡಚ. ಅದಕ್ಕೇ ಈ ಸಿಟ್ಟು.)

ಸೂರ್ಯನ ದಿಕ್ಕು ಅನ್ನುವುದರಲ್ಲಿ ಒಂದು ತೊಡಕಿದೆ. ಸ್ಕಾಟ್ಲೆಂಡಿನಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರುತ್ತಾನೆ, ಎಡದಿಂದ ಬಲಕ್ಕೆ ಸಾಗುತ್ತಾನೆ, ಗೊಂದಲವಿಲ್ಲ. ನಮ್ಮಲ್ಲಿ ಹಾಗಲ್ಲ. ಹಾಸನ, ಚಿಕ್ಕಮಗಳೂರುಗಳು 13 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿವೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಇಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ವಾಲಿರುತ್ತಾನೆ. ಮೇ ತಿಂಗಳಲ್ಲಿ ಅಂಗಳದಲ್ಲಿ ಒಂದು ಕೋಲು ನೆಟ್ಟು ನೋಡಿ, ಮಧ್ಯಾಹ್ನದ ಪುಟ್ಟ ನೆರಳು ದಕ್ಷಿಣಕ್ಕೆ ಬಿದ್ದಿರುತ್ತದೆ. ಹಾಗಂತ ಆ ನಾಲ್ಕು ತಿಂಗಳು ಯಾರೂ ಪ್ರದಕ್ಷಿಣೆಯ ದಿಕ್ಕು ಬದಲಿಸುವುದಿಲ್ಲ.

ತರೀಕೆರೆಯ ಓದುಗರು: ಶಿವನ ಗುಡಿಯಲ್ಲಿ ಸೋಮಸೂತ್ರ ದಾಟಬಾರದು ಅಂತ ಅಭಿಷೇಕದ ನೀರು ಹೋಗುವ ಜಾಗದವರೆಗೆ ಹೋಗಿ, ವಾಪಸ್ ಬಂದು, ಇನ್ನೊಂದು ಕಡೆಯಿಂದ ಹೋಗುತ್ತೇವೆ. ಆ ವಾಪಸ್ ಬರುವುದು ವಿಡರ್‌ಶಿನ್ಸಾ?

ಉತ್ತರ: ದಿಕ್ಕು ನೋಡಿದರೆ ಹೌದು, ಮನಸ್ಸು ನೋಡಿದರೆ ಅಲ್ಲ. ಶಾಸ್ತ್ರವೇ ವಾಪಸ್ ಬಾ ಅಂದಮೇಲೆ ಅದರಲ್ಲಿ ಕೇಡಿನ ಮಾತೆಲ್ಲಿ? ಇಂಗ್ಲಿಷಿನಲ್ಲಿ ಬರೆಯುವುದಾದರೆ ನಾನು ಅಲ್ಲಿ ಈ ಪದ ಹಾಕುವುದಿಲ್ಲ. ಶ್ರಾದ್ಧದಲ್ಲಿ ಜನಿವಾರ ಬಲ ಹೆಗಲಿಗೆ ಹಾಕಿ ‘ಅಪಸವ್ಯ’ ಮಾಡಿಕೊಳ್ಳುವುದೂ ಹಾಗೇ, ಪಿತೃಗಳಿಗೆ ಅದೇ ಸರಿ. ಆದರೆ ಭಾಷೆ ಎಷ್ಟು ಕಿಲಾಡಿ ನೋಡಿ. ಇವತ್ತು ಪೇಪರಿನಲ್ಲಿ ‘ಇಲಾಖೆಯ ಅಪಸವ್ಯಗಳು’ ಅಂತ ಬರೆದರೆ ಅರ್ಥ ಎಡವಟ್ಟು, ತಪ್ಪು ಅಂತಲೇ. ಎದುರು ದಿಕ್ಕು ಅನ್ನುವ ಪದ ನಿಧಾನಕ್ಕೆ ಕೆಟ್ಟದ್ದು ಅನ್ನುವ ಕಡೆಗೆ ಜಾರಿತು. ಅಲ್ಲಿ ವಿಡರ್‌ಶಿನ್ಸ್‌ಗೆ ಆಗಿದ್ದೂ ಇದೇ.

ನೀವು ತರೀಕೆರೆಯವರು ಅಂದಮೇಲೆ ನಿಮಗೊಂದು ಕೆಲಸ. ನಿಮ್ಮ ತಾಲ್ಲೂಕಿನ ಅಮೃತಾಪುರಕ್ಕೆ ಹೋಗಿ ಬನ್ನಿ. ಅಮೃತೇಶ್ವರ ಗುಡಿ, 1196ರದ್ದು, ಮೇಲೆ ಹೇಳಿದ ಅದೇ ಎರಡನೇ ವೀರಬಲ್ಲಾಳನ ದಂಡನಾಯಕ ಕಟ್ಟಿಸಿದ್ದು. ಮಂಟಪದ ಹೊರಗೋಡೆಯ ಮೇಲೆ ಸಾಲು ಫಲಕಗಳಲ್ಲಿ ಕಥೆ ಕೆತ್ತಿದ್ದಾರೆ. ಉತ್ತರದ ಕಡೆ ಕೃಷ್ಣನ ಕಥೆಗೆ 25, ಮಹಾಭಾರತಕ್ಕೆ 45. ಹೊಯ್ಸಳರ ಗುಡಿಗಳ ರೂಢಿಯಂತೆ ಅವು ಪ್ರದಕ್ಷಿಣೆಯ ದಿಕ್ಕಿನಲ್ಲೇ ಸಾಗುತ್ತವೆ, ನಡೆಯುತ್ತಾ ಹೋದರೆ ಕಥೆ ಜೊತೆಗೇ ಬರುತ್ತದೆ. ದಕ್ಷಿಣದ ಕಡೆ 70 ಫಲಕಗಳಲ್ಲಿ ರಾಮಾಯಣ ಇದೆ. ಅದು ಉಲ್ಟಾ! ಎಲ್ಲರಂತೆ ಬಲಗೊಂಡು ಹೊರಟರೆ ರಾಮಾಯಣದ ಕೊನೆ ಮೊದಲು ಎದುರಾಗುತ್ತದೆ, ಸರಿಯಾದ ಕ್ರಮದಲ್ಲಿ ಓದಬೇಕು ಅಂದರೆ ನೀವು ಅಪ್ರದಕ್ಷಿಣೆಯಾಗಿ ನಡೆಯಬೇಕು. ನಾನು ಹೋದಾಗ ಒಂದು ಕುಟುಂಬ ಇದೇ ಗೋಜಲಿನಲ್ಲಿತ್ತು. ಅಪ್ಪ ಮಗನಿಗೆ ಕಥೆ ಹೇಳಲು ಫಲಕದಿಂದ ಫಲಕಕ್ಕೆ ಹಿಂದೆ ಹಿಂದೆ ಹೆಜ್ಜೆ ಇಡುತ್ತಿದ್ದರು, ಅಮ್ಮ ‘ಆ ಕಡೆ ಹೋಗಬೇಡ್ರೀ’ ಅಂತ ಗದರುತ್ತಿದ್ದರು. ಕೊನೆಗೆ ಅಪ್ಪ ಒಂದು ಉಪಾಯ ಮಾಡಿದರು. ಮುಖ ಮುಂದಕ್ಕೇ ಇಟ್ಟುಕೊಂಡು ಹಿಮ್ಮುಖವಾಗಿ ನಡೆದರು. ದೇವರು ಬಲಕ್ಕೇ ಉಳಿದ, ಕಥೆಯೂ ಸರಿಯಾಯಿತು. ಇದಕ್ಕೆ ಇಂಗ್ಲಿಷಿನಲ್ಲಿ ಪದ ಇಲ್ಲ ಅಂತ ಕಾಣುತ್ತದೆ, ಇದ್ದರೆ ಬರೆದು ಕಳಿಸಿ.

ಅರಸೀಕೆರೆಯ ವಿಜ್ಞಾನ ಶಿಕ್ಷಕಿ: ನಮ್ಮ ಪಾಠಗಳಲ್ಲಿ ಆಂಟಿಕ್ಲಾಕ್‌ವೈಸ್‌ಗೆ ‘ಅಪ್ರದಕ್ಷಿಣ’ ಅಂತಲೇ ಹೇಳಿಕೊಡುತ್ತೇವೆ. ಹಾಗಾದರೆ ಎರಡಕ್ಕೂ ಒಂದೇ ಪದವಾಯಿತಲ್ಲ?

ಉತ್ತರ: ಸರಿಯಾಗಿ ಹಿಡಿದಿರಿ. ಇಂಗ್ಲಿಷಿನಲ್ಲಿ ಗಡಿಯಾರದ ಪದ ಬಂದು ಹಳೆಯ ಪದವನ್ನು ಮೂಲೆಗೆ ತಳ್ಳಿತು, ಅದು ಮಾಟದ ಕಥೆಗಳಲ್ಲಿ ಅಡಗಿಕೊಂಡಿತು. ಕನ್ನಡದಲ್ಲಿ ಗುಡಿಯ ಪದವೇ ಎದ್ದು ಹೋಗಿ ಗಡಿಯಾರದ ಕೆಲಸಕ್ಕೂ ಸೇರಿಕೊಂಡಿತು. ಹಾಗಾಗಿ ನಮ್ಮ ಮಕ್ಕಳು ಆಯಸ್ಕಾಂತದ ಪಾಠದಲ್ಲಿ ವಿದ್ಯುತ್ತಿಗೂ ಪ್ರದಕ್ಷಿಣೆ ಹಾಕಿಸುತ್ತಾರೆ. ನನಗೆ ನಮ್ಮ ದಾರಿಯೇ ಇಷ್ಟ. ಆದರೆ ಅನುವಾದ ಮಾಡುವಾಗ ಒಂದು ಕಷ್ಟ ಇದೆ. ‘ಅಪ್ರದಕ್ಷಿಣೆಯಾಗಿ’ ಅಂದರೆ ಪಾಠದ ವಾಸನೆ ಬಂದೀತು ಅನ್ನಿಸಿದ ಕಡೆ ‘ಗುಡಿಯನ್ನು ಎಡಕ್ಕಿಟ್ಟುಕೊಂಡು ಸುತ್ತಿದಳು’ ಅಂತ ಬಿಡಿಸಿ ಬರೆಯಿರಿ. ಓದುವವರಿಗೆ ಅಜ್ಜಿಯ ದನಿ ತಾನಾಗಿಯೇ ಕೇಳಿಸುತ್ತದೆ.

ಮೂಡಿಗೆರೆಯ ಓದುಗರು: ನಮ್ಮ ಹಿತ್ತಲಿನ ಬೀನ್ಸ್ ಬಳ್ಳಿ ಯಾವಾಗಲೂ ಒಂದೇ ಕಡೆಗೆ ಸುತ್ತುತ್ತೆ. ಅದು ಯಾವ ಕಡೆ?

ಉತ್ತರ: ಮೇಲಿನಿಂದ ಬಗ್ಗಿ ನೋಡಿ, ಅಪ್ಪಟ ವಿಡರ್‌ಶಿನ್ಸ್. ಬೀನ್ಸ್ ಜಾತಿಯೇ ಹಾಗೆ, ಎಲ್ಲಿ ನೆಟ್ಟರೂ ಅದೇ ಕಡೆ. ಸರಿ ಮಾಡೋಣ ಅಂತ ನಮ್ಮ ಅಮ್ಮ ಒಮ್ಮೆ ಬಳ್ಳಿಯನ್ನು ಬಿಡಿಸಿ ಬಲಕ್ಕೆ ಸುತ್ತಿ ಬಾಳೆನಾರಿನಲ್ಲಿ ಕಟ್ಟಿದ್ದರು. ಎರಡು ದಿನ ಬಿಟ್ಟು ನೋಡಿದರೆ ನಾರಿನ ಕಟ್ಟು ಇದ್ದಲ್ಲೇ ಇತ್ತು, ಅದರ ಮೇಲಿನ ಕುಡಿ ಮಾತ್ರ ಮತ್ತೆ ತನ್ನ ದಿಕ್ಕು ಹಿಡಿದು ಎರಡು ಸುತ್ತು ಹೋಗಿಯಾಗಿತ್ತು.